ಹರಕೆಯ ಆಟ ಮುಗಿಯುವವರೆಗೆ ಒಂದು ಸೀಟು ಕಾದಿರಿಸುವ ಬಗ್ಗೆ

ಗಗನಸಖ ಕಾರ್ಡಿನ ಮೈಲಿ ವಿಭಾಗದ ಪರಮೋಚ್ಚ ಮುಖ್ಯಸ್ಥರಿಗೆ,
(ತಮ್ಮ ಹೆಸರು ಯಾವ ಕಾಗದದಲ್ಲೂ ಸಿಗದ ಕಾರಣ ಹುದ್ದೆಗೇ ಉದ್ದಂಡ ನಮಸ್ಕಾರ)
ನವಗಗನ ಬ್ಯಾಂಕ್, ಮುಂಬಯಿ.

ಮಾನ್ಯರೇ,

ಕೋಟ ಪೇಟೆಯಲ್ಲಿ ಶಾಮಿಯಾನ, ಕುರ್ಚಿ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಗುಣಪಾಲ ಶೆಟ್ಟಿಯಾದ ನಾನು, ಮೊದಲಿಗೆ ತಮ್ಮ ಆರೋಗ್ಯ, ತಮ್ಮ ಮನೆಯವರ ಆರೋಗ್ಯ ಹಾಗೂ ತಮ್ಮ ಕಾಲ್ ಸೆಂಟರಿನಲ್ಲಿ ಬಿಡುವಿಲ್ಲದೆ ಕೊಳಲು ಊದುತ್ತಿರುವ ಆ ಪುಣ್ಯಾತ್ಮರ ಎದೆಗೂಡಿನ ಆರೋಗ್ಯವನ್ನು ವಿಚಾರಿಸಿಕೊಂಡು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಉತ್ತರವೇ ಬಂದಿರುವುದರಿಂದ, ಮತ್ತು ಆ ಸಲ ನಾನು ಕರೆಯನ್ನೇ ಮಾಡಿರಲಿಲ್ಲವಾದ್ದರಿಂದ, ಇನ್ನು ಊರವರ ಎದುರಿಗೇ ಮಾತಾಡುವುದು ಲೇಸೆಂದು ಕಂಡಿತು. ನನ್ನ ಕೋರಿಕೆ ತೀರ ಸಣ್ಣದು. ವಿಮಾನದ ಒಂದೇ ಒಂದು ಸೀಟನ್ನು ಇಪ್ಪತ್ತಮೂರು ವರ್ಷಗಳ ಕಾಲ ನನಗಾಗಿ ಕಾದಿರಿಸಬೇಕು. ಕಾರಣವನ್ನು ಮೊದಲಿನಿಂದ ಹೇಳುತ್ತೇನೆ, ತಾವು ಆರಾಮವಾಗಿ ಕೂತು ಓದಬೇಕು.

ನನ್ನ ಹೆಂಡತಿ ಗಿರಿಜಾ ನಾವುಂದದವಳು. ಹುಟ್ಟಿದಾಗಿನಿಂದ ಸಮುದ್ರದ ಪಕ್ಕದಲ್ಲೇ ಬೆಳೆದವಳಾದ್ದರಿಂದ, ತಮ್ಮ ಜಾಹೀರಾತಿನಲ್ಲಿ ಕಪ್ಪು ಕನ್ನಡಕ ಹಾಕಿ ಮರಳಿನ ಮೇಲೆ ಮಲಗಿರುವ ದಂಪತಿಯನ್ನು ಕಂಡು ಅವಳಿಗೆ ಏನೂ ಅನ್ನಿಸಲಿಲ್ಲ, ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದಷ್ಟೇ ಕೇಳಿದಳು. ಅವಳ ಆಸೆಯೇ ಬೇರೆ. ಮುಂಬಯಿಯಲ್ಲಿರುವ ಅವಳ ಅಕ್ಕ ಸುಗುಣ ಊರಿಗೆ ಬಂದಾಗಲೆಲ್ಲ, ವಿಮಾನದ ಕಿಟಕಿಯಿಂದ ಕಂಡ ಮೋಡಗಳನ್ನು ತಾನೇ ಹಿಂಜಿ ಹರಡಿದವಳ ಹಾಗೆ ನಮ್ಮ ಜಗಲಿಯಲ್ಲಿ ಕೂತು ವರ್ಣಿಸುತ್ತಾಳೆ. ಅದನ್ನು ಕೇಳಿ ಕೇಳಿ ಒಂದು ದಿನ ಗಿರಿಜಾ, “ಹ್ವಾಯ್, ನಂಗೆ ಒಂದ್ ಸರ್ತಿ ಮಳಿನ ಮೇಲಿಂದ ಕಾಣ್ಕ್” ಎಂದಳು. ವರ್ಷಕ್ಕೆ ನಾಲ್ಕು ತಿಂಗಳು ಮಳೆಯನ್ನು ಕೆಳಗಿನಿಂದಲೇ ನೋಡುತ್ತ, ಒಣಗದ ಬಟ್ಟೆಗಳನ್ನು ಒಲೆಯ ಬದಿಗೆ, ಫ್ಯಾನಿನ ಕೆಳಗೆ, ಕೊನೆಗೆ ನನ್ನ ಬಾಡಿಗೆ ಕುರ್ಚಿಗಳ ಬೆನ್ನಿಗೂ ಹೊದಿಸಿ ಸೋತವಳು, ಆ ಮಳೆಯ ಮೇಲ್ಭಾಗ ಹೇಗಿದೆಯೆಂದು ತಿಳಿಯಬಯಸಿದ್ದರಲ್ಲಿ ಅತಿಯಾಸೆ ಏನೂ ಇಲ್ಲ. ಮದುವೆಯಾದಲ್ಲಿಂದ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ, ಹಾಗಾಗಿ ನನಗೆ ಅದು ಮನಸ್ಸಿಗೆ ತಾಗಿತು. ಹೋಗುವುದಾದರೆ ಮಕ್ಕಳಿಬ್ಬರೂ ಸೇರಿ ನಾಲ್ಕು ಜನವೂ ಒಟ್ಟಿಗೇ ಹೋಗುವುದು, ನಾನು ಅವಳ ಪಕ್ಕದಲ್ಲೇ ಕೂರುವುದು ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ಮಗ ಸುಜನ್ ಮತ್ತು ಮಗಳು ಅನಿಷಾ, ವಿಮಾನದ ಮೈಲಿ ಸಿಗುವ ಕ್ರೆಡಿಟ್ ಕಾರ್ಡ್ ಮಾಡಿಸಿದರೆ ಪುಕ್ಕಟೆ ಹೋಗಬಹುದೆಂದು ಹೇಳಿ, ಮದುವೆಯ ದಲ್ಲಾಳಿಗಳ ಉತ್ಸಾಹದಿಂದ ಮೂರು ಕಾರ್ಡುಗಳ ಸಂಬಂಧ ತಂದರು. ಮೊದಲನೆಯದು ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ಬೇಕಾದಷ್ಟು ಇಡ್ಲಿ ತಿನ್ನಿಸುವ ಕಾರ್ಡು. ಇಡ್ಲಿ ತಿನ್ನಲು ಕೋಟದಿಂದ ಹೊರಟು ಬ್ರಹ್ಮಾವರ, ಉಡುಪಿ, ಮಂಗಳೂರು ದಾಟಿ ಬಜಪೆ ಗುಡ್ಡ ಹತ್ತುವವನಿಗೆ ಅಲ್ಲಿ ತಲುಪುವಾಗ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಟ್ಟೆವು. ಎರಡನೆಯದು ಪುಕ್ಕಟೆ ಗಾಲ್ಫ್ ಆಡಿಸುವ ಕಾರ್ಡು. ಅಷ್ಟು ದೊಡ್ಡ ಹುಲ್ಲಿನ ಬಯಲು ನನ್ನ ಕಣ್ಣಿಗೆ ಬಿದ್ದರೆ ಅಲ್ಲಿ ನಾನು ಮೊದಲು ಕಂಬ ನೆಟ್ಟು ಶಾಮಿಯಾನ ಹಾಕುವವನೇ ಹೊರತು ಚೆಂಡು ಹೊಡೆಯುವವನಲ್ಲ. ಮೂರನೆಯದೇ ತಮ್ಮ ಗಗನಸಖ. ಖರ್ಚು ಮಾಡಿದಷ್ಟೂ ಮೈಲಿ, ಕಾರ್ಡಿನ ಮೇಲೆ ಬಂಗಾರದ ಬಣ್ಣದ ಗರುಡ. ಬುಟ್ಟಿಯ ಬಂಗುಡೆಯನ್ನು ಕಿವಿರು ಬಿಡಿಸಿ ಕೆಂಪಗಿದೆಯೇ ಎಂದು ನೋಡದೆ ಕೊಳ್ಳದ ಗಿರಿಜಾ ಆಗಲೂ ಒಂದು ಮಾತು ಕೇಳಿದಳು. “ಹ್ವಾಯ್, ಇದ್ರ ಕಿವಿ ಎತ್ತಿ ಕಂಡ್ರ್ಯಾ?” ತಮ್ಮ ಷರತ್ತುಗಳ ಅಕ್ಷರಗಳು ಸಾಲುಹಿಡಿದ ಇರುವೆಗಳಷ್ಟು ಸಣ್ಣಗಿದ್ದುದರಿಂದ, ಅವುಗಳ ದಾರಿಗೆ ಅಡ್ಡ ಬರಬಾರದೆಂಬ ಸೌಜನ್ಯದಿಂದ ನಾನು ಓದದೆ ಸಹಿ ಹಾಕಿದೆ.

ಮಾನ್ಯರೇ, ಆಮೇಲೆ ನಾನು ಪಟ್ಟ ಶ್ರಮಕ್ಕೆ ತಮ್ಮ ಬ್ಯಾಂಕಿನ ಬಾಗಿಲಲ್ಲಿ ನನ್ನದೊಂದು ಕಲ್ಲಿನ ಪ್ರತಿಮೆ ನಿಲ್ಲಿಸಬಹುದು. ಪೆಟ್ರೋಲಿಗೆ ಮೈಲಿ ಇಲ್ಲವೆಂದಿರಿ, ಬಂಗಾರಕ್ಕೆ ಇಲ್ಲವೆಂದಿರಿ, ಕರೆಂಟ್ ಬಿಲ್ಲಿಗೂ ವಿಮೆಗೂ ಇಲ್ಲವೆಂದಿರಿ. ಇವಿಷ್ಟನ್ನು ಬಿಟ್ಟರೆ ನಮ್ಮ ಕಡೆಯವರ ಖರ್ಚೆಲ್ಲ ಮೀನಿಗೆ. ಮನೆಮನೆಗೆ ಮೀನು ತರುವ ಬಾಗಿ ತಮ್ಮ ಕಾರ್ಡನ್ನು ಆಚೆ ಈಚೆ ತಿರುಗಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, “ಶೆಟ್ರೆ, ಇದ್ರಂಗೆ ಹುರ್ಪಿ ತೆಗುಕೆ ಲಾಯ್ಕ್ ಆತ್ತ್” ಎಂದು, ಮೀನಿನ ಮೈಯ ಹುರುಪೆ ಹೆರೆಯಲು ಅದು ಯೋಗ್ಯವೆಂಬ ಪ್ರಮಾಣಪತ್ರ ಕೊಟ್ಟು ಹಿಂದಿರುಗಿಸಿದಳು. ಬೇರೆ ದಾರಿ ಕಾಣದೆ ನಾನು ಪರರ ಖರ್ಚನ್ನು ನನ್ನ ಖರ್ಚಾಗಿಸಿಕೊಳ್ಳುವ ವ್ರತ ಹಿಡಿದೆ. ಬ್ರಹ್ಮಾವರದ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಸಿಮೆಂಟ್ ಕೊಳ್ಳುತ್ತಿದ್ದರೆ ನಡುವೆ ಕೈ ಚಾಚಿ, ದುಡ್ಡು ನನಗೆ ಕೊಡಿ, ಕಾರ್ಡ್ ನಾನು ಉಜ್ಜುತ್ತೇನೆ ಎಂದೆ. ಕುಂದಾಪುರದ ಸೀರೆ ಅಂಗಡಿಯಲ್ಲಿ, ಗುರುತು ಪರಿಚಯವಿಲ್ಲದ ವಂಡ್ಸೆಯ ಮದುಮಗಳ ಧಾರೆ ಸೀರೆಗೆ ಅದೇ ರೀತಿ ಕಾರ್ಡ್ ಉಜ್ಜಲು ಹೋದಾಗ, ಅವಳ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗಳ ಕಡೆ ತಿರುಗಿ, “ಯಾರೇ ಇವ್ರ್? ಎಂತ ಸಂಬಂಧ?” ಎಂದು ಕೇಳಿದರು. ತಮ್ಮ ಮೈಲಿಗಳಿಗಾಗಿ ಒಂದು ಮದುವೆ ನಿಂತುಹೋಗುವುದರಲ್ಲಿತ್ತು. ಈಗ ನನ್ನ ನೆರಳು ಕಂಡರೆ ಅಂಗಡಿಯಲ್ಲಿದ್ದವರು ಪರ್ಸನ್ನು ಒಳಗಿಟ್ಟುಕೊಳ್ಳುತ್ತಾರೆ.

ಇಷ್ಟಾದರೂ ಮೈಲಿಗಳು ಖಾತೆಗೆ ಬಂದು ಕೂರಲಿಲ್ಲ. ಬರುತ್ತಿವೆ, ದಾರಿಯಲ್ಲಿವೆ ಎಂಬ ತಮ್ಮವರ ಉತ್ತರ ಕೇಳಿ, ಮೈಲಿಗಳು ನಡೆದುಕೊಂಡು ಬರುತ್ತಿರಬೇಕೆಂದು ತಿಂಗಳುಗಟ್ಟಲೆ ಕಾದೆ. ಕೊನೆಗೆ ನಮ್ಮ ಕಡೆಯವರು ಮಾಡುವುದನ್ನೇ ಮಾಡಿದೆ. ಒಂದು ಸಂಜೆ ದೇವಿಯ ಮುಂದೆ ನಿಂತು, “ಅಮ್ಮಾ, ನಾಲ್ಕ್ ಸೀಟಿಗೆ ಆಪಷ್ಟ್ ಮೈಲಿ ಬರ್ಲಿ, ನಮ್ಮ ಗದ್ದಿಯಂಗೆ ಒಂದ್ ಆಟ ಆಡಸ್ತೆ” ಎಂದು ಹರಕೆ ಹೇಳಿಕೊಂಡೆ. ಮುಂಬಯಿಯವರಾದ ತಮಗೆ ತಿಳಿಸುವುದಾದರೆ, ಹರಕೆಯ ಆಟವೆಂದರೆ ದೇವಿಯ ಹೆಸರಿನ ಮೇಳವನ್ನು ಮನೆಯ ಗದ್ದೆಗೆ ಕರೆಸಿ, ರಂಗಸ್ಥಳ ಹಾಕಿಸಿ, ಬೆಳಗಾಗುವವರೆಗೆ ಯಕ್ಷಗಾನ ಆಡಿಸಿ, ಬಂದವರಿಗೆಲ್ಲ ಊಟ ಹಾಕುವುದು. ವಿಮಾನ ಹತ್ತಿ ಇಳಿದರೆ ಆಡಿಸುತ್ತೇನೆ ಎನ್ನಬೇಕಿತ್ತು, ಅವಸರದಲ್ಲಿ ಮೈಲಿ ಬಂದರೆ ಆಡಿಸುತ್ತೇನೆ ಎಂದುಬಿಟ್ಟೆ. ಮರುದಿನ ಬೆಳಿಗ್ಗೆ ಗಂಜಿ ಉಣ್ಣುತ್ತಿರುವಾಗಲೇ ತಮ್ಮ ಮೆಸೇಜು ಬಂತು. ನಾಲ್ಕು ಸೀಟಿನ ಮೈಲಿಗಳೂ ಖಾತೆಯಲ್ಲಿ ಕೂತಿದ್ದವು. ತಮ್ಮ ಇಡೀ ಕಾಲ್ ಸೆಂಟರಿಗಿಂತ ಅಮ್ಮನ ಕಚೇರಿ ಚುರುಕಾಗಿದೆಯೆಂದು ಇದರಿಂದ ಸಿದ್ಧವಾಯಿತು.

ಹರಕೆ ಬರೆಸಲು ಮೇಳದ ಕಚೇರಿಗೆ ಹೋದೆ. ನಮ್ಮ ಜಿಲ್ಲೆಯಲ್ಲಿ ಕಷ್ಟಗಳು ಎಷ್ಟಿವೆಯೆಂಬುದು ಅಲ್ಲಿ ಹೋದವರಿಗೇ ಗೊತ್ತು. ನನಗಿಂತ ಮೊದಲು ಹರಕೆ ಹೇಳಿಕೊಂಡವರ ಆಟಗಳೆಲ್ಲ ಮುಗಿದು ನನ್ನ ಸರದಿ ಬರಲು ಇಪ್ಪತ್ತಮೂರು ವರ್ಷ ಬೇಕೆಂದು ಅಲ್ಲಿಯವರು, ನಾಳೆ ಬನ್ನಿ ಎಂಬಷ್ಟು ಸಮಾಧಾನದಿಂದ ತಿಳಿಸಿದರು. ನಾನು ಅದನ್ನೂ ದೊಡ್ಡ ವಿಷಯ ಮಾಡಲಿಲ್ಲ. ದೊಡ್ಡ ವಿಷಯ ಮಾಡಿದವರು ನನ್ನ ಸೋದರಮಾವ, ನಮ್ಮ ಮನೆಯ ಹಿರಿಯ ಚಂದಯ್ಯ ಶೆಟ್ಟರು. “ಮಗಾ, ನೆಲದ್ ಮೇಲ್ ಇದ್ರೆ ಅಮ್ಮ ಕಂಡೂ ಕಾಣದಂಗೆ ಇಪ್ಪುಕೂ ಸಾಕ್. ಹರ್ಕಿ ಬಾಕಿ ಇಟ್ಕಂಡ್ ಅವಳ ಮನಿ ಬಾಗ್ಲಂಗೇ ಹಾರಿ ಹೋಪುದಾ?” ಎಂದು ಕೇಳಿದರು. ಸಾಲ ಕೊಟ್ಟವರ ಮನೆಯ ಮುಂದೆ ಬೈಕು ಓಡಿಸುವಾಗಲೇ ತಲೆ ತಗ್ಗಿಸುವ ನಾನು, ಆಟ ಮುಗಿಯುವವರೆಗೆ ಮನೆಯವರಾರೂ ವಿಮಾನ ಹತ್ತುವುದಿಲ್ಲವೆಂದು ಒಪ್ಪಿಕೊಂಡೆ.

ಗಿರಿಜೆಯ ಮುಖ ಸಣ್ಣದಾದದ್ದನ್ನು ಕಂಡು ಮಾವನೇ ಒಂದು ದಾರಿ ತೆಗೆದರು. ನಮ್ಮಲ್ಲಿ ಮನೆತನ ಸಾಗುವುದು ತಾಯಿಯ ಕಡೆಯಿಂದ. ಗಂಡನದೊಂದು ಬಳಿ, ಅಂದರೆ ಗೋತ್ರದಂಥದ್ದು, ಹೆಂಡತಿಯದು ಇನ್ನೊಂದು ಬಳಿ, ಮಕ್ಕಳದು ತಾಯಿಯ ಬಳಿ. ಒಲೆ ಒಂದೇ ಆದರೂ ಈ ಲೆಕ್ಕದಲ್ಲಿ ನಾನು ನನ್ನ ಹೆಂಡತಿ ಮಕ್ಕಳ ಪಾಲಿಗೆ ಹೊರಗಿನವನೇ. “ಹರ್ಕಿ ನಮ್ಮನಿದ್. ಗಿರಿಜಂದ್ ಬಳಿ ಬೇರೆ, ಮಕ್ಕಳದ್ದೂ ಅಬ್ಬಿ ಬಳಿಯೇ. ಅವ್ರ್ ಹೋಯ್ಲಿ, ನೀ ಕೂಕೋ” ಎಂದು ಮಾವ ತೀರ್ಪು ಕೊಟ್ಟು ಎಲೆಯಡಿಕೆ ಬಾಯಿಗಿಟ್ಟುಕೊಂಡರು. ಮೈಲಿಗಾಗಿ ಊರೆಲ್ಲ ಅಲೆದವನು ನೆಲದ ಮೇಲೆ, ಮೂರು ಸೀಟು ಆಕಾಶದಲ್ಲಿ ಎಂದಾಯಿತು. ಮಕ್ಕಳು ಐದು ನಿಮಿಷ ಬೇಸರಪಟ್ಟು ಚೀಲ ತುಂಬಲು ಎದ್ದುಹೋದರು.

ಇಲ್ಲಿ ತಮಗೊಂದು ಹೃತ್ಪೂರ್ವಕ ವಂದನೆ ಸಲ್ಲಿಸಬೇಕು. ಮೇ ತಿಂಗಳ ರಜೆಯಲ್ಲಿ ಪುಕ್ಕಟೆ ಸೀಟಿಲ್ಲ, ದಸರೆಗಿಲ್ಲ, ದೀಪಾವಳಿಗಿಲ್ಲ, ಯಾರೂ ಎಲ್ಲಿಗೂ ಹೋಗದ ಆಷಾಢದಲ್ಲಿ ಮಾತ್ರ ಇದೆಯೆಂದು ತಾವು ತಿಳಿಸಿದಿರಿ. ಮಳೆಯನ್ನು ಮೇಲಿನಿಂದ ನೋಡಬೇಕಾದವಳಿಗೆ ಆಷಾಢಕ್ಕಿಂತ ಒಳ್ಳೆಯ ಮುಹೂರ್ತ ಯಾವ ಜೋಯಿಸರೂ ಇಟ್ಟುಕೊಡುತ್ತಿರಲಿಲ್ಲ. ಕಾಟ ಕೊಡಲೆಂದು ಮಾಡಿದ ನಿಯಮವೊಂದು ಹೀಗೆ ಉಪಕಾರವಾಗಿ ಪರಿಣಮಿಸಿದ್ದಕ್ಕೆ ತಮ್ಮ ವಿಭಾಗದಲ್ಲಿ ಯಾರ ಮೇಲೂ ಕ್ರಮ ಜರುಗಿಸಬಾರದಾಗಿ ವಿನಂತಿ. ಮುಂಬಯಿಗೆ ಸುಗುಣಳ ಮನೆಗೆಂದು ಹೊರಟ ಮೂವರನ್ನೂ ಬಜಪೆಯಲ್ಲಿ ಬಿಟ್ಟು ಬಂದೆ. ಒಳಗೆ ಹೋಗುವ ಮುನ್ನ ಗಿರಿಜಾ ಬಾಗಿಲಲ್ಲಿ ನಿಂತು, ಮೇಲೆ ಬೇಕಾಗಲಿಕ್ಕಿಲ್ಲವೆಂದು ಕೊಡೆಯನ್ನು ನನ್ನ ಕೈಗೆ ಕೊಟ್ಟಳು. ಆ ಕೊಡೆ ಹಿಡಿದು ಕಾರಿನವರೆಗೆ ನಡೆದಷ್ಟು ಹೊತ್ತು ನನಗೆ ನಿಜವಾಗಿಯೂ ದುಃಖವಾಯಿತು.

ಸಂಜೆ ಮುಂಬಯಿಯಿಂದ ಫೋನ್ ಬಂತು. ಅತ್ತ ಕಡೆಯಿಂದ ಕೇಳಿದ್ದು ಆಶ್ಚರ್ಯವಲ್ಲ ಮಾನ್ಯರೇ, ಸಿಟ್ಟು. “ಮೇಲ್ ಮಳಿಯೇ ಇಲ್ಲೆ ಮರಾಯ್ರೆ! ಬಿಸ್ಲ್, ಬರೀ ಬಿಸ್ಲ್! ಬಟ್ಟಿ ಒಣಸುಕೆ ಎಷ್ಟ್ ಜಾಗ ಇತ್ತ್ ಕಾಣಿ! ಇಷ್ಟ್ ವರ್ಷ ನಮ್ಗೆ ಯಾರೂ ಹೇಳ್ಲೇ ಇಲ್ಲೆ!” ಆ ಹೊತ್ತಿಗೆ ನಾನು ಅವಳ ನಾಲ್ಕು ಸೀರೆಗಳನ್ನು ಹದಿನಾರು ಕುರ್ಚಿಗಳ ಮೇಲೆ ಹರಡಿ, ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದೆ. ಆ ಬಿಸಿಲನ್ನು ನಾನೂ ಒಮ್ಮೆ ನೋಡಬೇಕು, ಅವಳ ಪಕ್ಕದಲ್ಲಿ ಕೂತೇ ನೋಡಬೇಕು ಎಂಬುದಷ್ಟೇ ಈಗ ನನಗೆ ಉಳಿದಿರುವ ಆಸೆ.

ಆದರೆ ನನ್ನ ಪಾಲಿನ ಮೈಲಿಗಳಿಗೆ ಬರುವ ಮಾರ್ಚಿಗೆ ಅವಧಿ ಮುಗಿಯುತ್ತದೆಂದು ತಾವು ತಿಳಿಸಿದ್ದೀರಿ. ದಯವಿಟ್ಟು ಅವನ್ನು ನಮ್ಮ ಆಟದ ಮಂಗಳ ಹಾಡುವವರೆಗೆ ಮುಂದುವರಿಸಬೇಕು. ಅದು ಆಗದಿದ್ದರೆ ಮೈಲಿಗಳನ್ನು ಮನೆತನದ ಆಸ್ತಿಯ ಹಾಗೆ ಕೈಯಿಂದ ಕೈಗೆ ದಾಟಿಸಲು ಅನುಮತಿ ಕೊಡಬೇಕು. ನನ್ನ ಅಜ್ಜಿ ಹೇಳಿಕೊಂಡ ಆಟ ನಡೆದದ್ದು ನನ್ನ ಮದುವೆಯಾದ ಮೇಲೆ. ಅಜ್ಜಿ ತೀರಿಕೊಂಡ ಕಾರಣ ಖಾತೆ ಮುಚ್ಚಲಾಗಿದೆ ಎಂದು ದೇವಿ ನಮಗೆ ಯಾವತ್ತೂ ಮೆಸೇಜು ಕಳಿಸಲಿಲ್ಲ. ಅದೂ ಸಾಧ್ಯವಿಲ್ಲವೆಂದಾದರೆ ವಿಮಾನವನ್ನೇ ನಮ್ಮಲ್ಲಿಗೆ ಕಳಿಸಿಕೊಡಿ. ಅಷ್ಟು ದೊಡ್ಡ ಮೇಳವೇ ವೇಷ, ಚೆಂಡೆ, ರಂಗಸ್ಥಳ ಸಮೇತ ಗದ್ದೆಗೆ ಬರುವಾಗ ಒಂದು ವಿಮಾನಕ್ಕೆ ಇಷ್ಟು ಬಿಗುಮಾನ ಯಾಕೆ? ಕೊಯ್ಲಾದ ಮೇಲೆ ಗದ್ದೆ ಹದವಾಗಿರುತ್ತದೆ, ಅಂಚುಗಳನ್ನು ನಾನೇ ಸಮ ಮಾಡಿಸುತ್ತೇನೆ, ಪೈಲಟರಿಗೆ ನೆರಳಿಗೆ ಶಾಮಿಯಾನವಿದೆ. ಮಾವನ ಆಕ್ಷೇಪ ಬಾರದ ಹಾಗೆ ವಿಮಾನವನ್ನು ತೆಂಗಿನ ಮರಕ್ಕಿಂತ ಮೇಲೆ ಹಾರಿಸದಿದ್ದರಾಯಿತು.

ಇದಕ್ಕೆಲ್ಲ ಬದಲಾಗಿ, ಉಳಿದ ಮೈಲಿಗಳಿಗೆ ಪ್ರಯಾಣದ ಕುತ್ತಿಗೆ ದಿಂಬೊಂದನ್ನು ಪಡೆಯಬಹುದೆಂದು ಸೂಚಿಸಿದ್ದೀರಿ. ಪ್ರಯಾಣವೇ ಇಲ್ಲದವನ ಕುತ್ತಿಗೆಯ ಮೇಲೆ ತಾವಿಟ್ಟಿರುವ ಈ ಕಾಳಜಿಗೆ ಅದೇ ಕುತ್ತಿಗೆ ಬಗ್ಗಿಸಿ ವಂದಿಸುತ್ತೇನೆ. ಅದು ಬೇಡ, ಸೀಟೇ ಇರಲಿ.

ಉತ್ತರಕ್ಕಾಗಿ ಅವಸರವಿಲ್ಲದೆ, ಇಪ್ಪತ್ತಮೂರು ವರ್ಷಗಳ ತಾಳ್ಮೆಯನ್ನು ಒಟ್ಟಿಗೇ ಕೂಡಿಸಿಕೊಂಡು ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಗುಣಪಾಲ ಶೆಟ್ಟಿ
(ಷರತ್ತುಗಳಿಲ್ಲದ ವಿಶ್ವಾಸಿ)
ಕೋಟ

ತಾ.ಕ.: ಮುಂಬಯಿಯಿಂದ ಬಂದ ಗಿರಿಜಾ ಈ ಪತ್ರವನ್ನು ಓದಿ, “ಆಟ ಆದ್ ಮೇಲೆ ಒಟ್ಟಿಗೇ ಹೋಪ. ಕಿಟಕಿ ಬದಿ ನೀವೇ ಕೂಕಣಿ” ಎಂದು ಹೇಳಿದ್ದಾಳೆ. ಆದ್ದರಿಂದ ಕಾದಿರಿಸುವ ಸೀಟು ಕಿಟಕಿಯ ಬದಿಯದೇ ಆಗಿರಲಿ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳೇ ಒಂದರೊಳಗೊಂದು ಸೇರಿ ಹೆಸರು ಕಳೆದುಕೊಂಡದ್ದನ್ನು ಕಂಡವರು ನಾವು, ಹಾಗಾಗಿ ಅಷ್ಟರೊಳಗೆ ತಮ್ಮ ಬ್ಯಾಂಕು ಎಲ್ಲಿರುತ್ತದೋ ಹೇಳಲಾರೆ. ಮೇಳವಂತೂ ಬರುತ್ತದೆ. ಆ ದಿನ ತಾವೂ ಕುಟುಂಬ ಸಮೇತ ಆಟಕ್ಕೆ ಬರಬೇಕು. ಮುಂದಿನ ಸಾಲಿನಲ್ಲಿ ತಮಗೊಂದು ಕುರ್ಚಿಯನ್ನು ಈ ಕ್ಷಣವೇ ಕಾದಿರಿಸಿದ್ದೇನೆ, ಅದಕ್ಕೆ ಯಾವ ಮಾರ್ಚಿಗೂ ಅವಧಿ ಮುಗಿಯುವುದಿಲ್ಲ.