ಅರ್ಧ ಮಾತಿಗೆ ಉತ್ತರವಿಲ್ಲದ ಮನೆ

ನಮ್ಮ ಸೋದರಮಾವನಿಗೆ ಹುಚ್ಚಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ನೀವು ನಂಬುವುದಿಲ್ಲ!

ಮದರಾಸಿನ ಸರಕಾರದ ಕಾಲದಲ್ಲಿ ಅವನು ಹೊಸಪೇಟೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಮಾಸ್ತರ. ವಾಕ್ಯ ಅಂದ ಮೇಲೆ ಅದರಲ್ಲಿ ಒಬ್ಬರು ಇರಬೇಕು, ಅವರು ಏನಾದರೂ ಮಾಡಬೇಕು, ಇಲ್ಲದಿದ್ದರೆ ಅದು ಬರೀ ತುಂಡು ಎಂಬುದು ಅವನ ಪಾಠ. ‘ದಿ ಬುಲಕ್’ ಎಂದು ನಿಲ್ಲಿಸಿದ ಹುಡುಗನಿಗೆ, “ಲೇ, ಎತ್ತು ಏನ್ ಮಾಡಿತಲೇ? ಪಾಪ, ಅದನ್ನ ನಡು ಬೀದ್ಯಾಗ ನಿಲ್ಲಿಸಿ ನೀ ಕುಂತೀಯಲ್ಲ!” ಎನ್ನುತ್ತಿದ್ದ. ‘ದಿ ಬುಲಕ್ ರನ್ಸ್’ ಎಂದ ಮೇಲೆಯೇ ಎತ್ತಿಗೂ ಹುಡುಗನಿಗೂ ಬಿಡುಗಡೆ.

ಶಾಲೆಯಲ್ಲೇ ಬಿಟ್ಟು ಬಂದಿದ್ದರೆ ಸರಿಯಿತ್ತು. ಆ ಪಾಠವನ್ನು ಮನೆಗೂ ತಂದ! ಅರ್ಧ ಮಾತಿಗೆ ನಮ್ಮ ಮನೆಯಲ್ಲಿ ಉತ್ತರವೇ ಇಲ್ಲ. ಊಟಕ್ಕೆ ಕುಳಿತ ಅಜ್ಜಿ “ನೀರು” ಎಂದರೆ ಮಾವ ಸೂರು ನೋಡುತ್ತಾ ಕೂರುತ್ತಿದ್ದ.

“ನೀರು ಏನಾತವ್ವ?”

“ನಿನ್ನ ತಲಿ ಆತು! ಗಂಟಲು ಒಣಗಾಕತ್ತೈತಿ, ನೀರು ಕೊಡಲೇ!”

“ಹಾಂ, ಈಗ ಪೂರ್ತಿ ಆತು ನೋಡು” ಎಂದು ಚೊಂಬು ತುಂಬಿ ಕೊಡುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಾನೂ ಮಾವನ ಮನೆಯಲ್ಲೇ ಇದ್ದೆವು. ಅವ್ವ ಜಾಣೆ, ಮಾತೇ ಆಡದೆ ತಪ್ಪಿಸಿಕೊಂಡಿದ್ದಳು. ಮಾವನ ಶಾಲೆಯಲ್ಲೇ ಓದುತ್ತಿದ್ದ ನನಗೆ ಎಲ್ಲಿಯ ತಪ್ಪಿಸಿಕೊಳ್ಳುವಿಕೆ? ಸಾಲದ್ದಕ್ಕೆ ಅಜ್ಜಿ ಕಂಪ್ಲಿಯಲ್ಲಿ ನನಗೊಂದು ವರ ನೋಡಿಬಿಟ್ಟಳು. “ಹೆಣ್ಣುಹುಡುಗಿ ಓದಿದ್ದು ಸಾಕು” ಎಂದಳು.

“ಶಾಲಿ ತನಿಖೆಗೆ ಸಾಹೇಬರು ಬರ್ತಾರವ್ವ. ಅವರು ಇಕಿನ್ನ ಭೇಷ್ ಅಂದ್ರ ಓದಸ್ತೀನಿ. ಇಲ್ಲಂದ್ರ ನೀ ಹೇಳಿದಂಗ” ಎಂದು ಮಾವ ಪಣ ಕಟ್ಟಿದ. ಪಣಕ್ಕಿಟ್ಟದ್ದು ನನ್ನನ್ನು!

ಸಾಹೇಬರು ಬಂದರು. ಪೇಟ, ಬೂಟು, ಬೆತ್ತ. ಆ ಬೆತ್ತ ನನ್ನತ್ತ ತೋರಿಸಿ, “ನೇಮ್?” ಎಂದರು.

ನಾನು ಸೂರು ನೋಡಿದೆ. ಬೇಕೆಂದಲ್ಲ! ತುಂಡು ಮಾತಿಗೆ ಬಾಯಿ ತೆರೆದು ಅಭ್ಯಾಸವೇ ಇರಲಿಲ್ಲ.

“ಕ್ಲಾಸ್?”

ಮತ್ತೆ ಸೂರು.

“ಏನ್ರೀ ಮಾಸ್ತರ, ಹುಡುಗಿ ಮೂಗಿ ಏನ್ರಿ?”

ಮಾವನ ಮುಖ ಬಿಳಿಚಿಕೊಂಡಿತು. ನಾನು ನೋಡಿಯೇ ಇರದ ಕಂಪ್ಲಿಯ ವರ ಕಣ್ಣ ಮುಂದೆ ಬಂದು ನಿಂತ. ಕೈಕಟ್ಟಿ ಹೇಳಿಯೇಬಿಟ್ಟೆ: “ಸರ್, ದಟ್ ಈಸ್ ನಾಟ್ ಎ ಸೆಂಟೆನ್ಸ್. ಪ್ಲೀಸ್ ಆಸ್ಕ್ ದಿ ಹೋಲ್ ಕ್ವೆಶ್ಚನ್.”

ಗೋಡೆಯ ಹಲ್ಲಿಯೂ ಉಸಿರು ಬಿಗಿಹಿಡಿದಿರಬೇಕು. ಸಾಹೇಬರು ನಕ್ಕರು ನೋಡಿ, ಪೇಟ ಜಾರುವಷ್ಟು! ಆಮೇಲೆ ಅವರು ಪೂರ್ತಿ ಪ್ರಶ್ನೆ ಕೇಳಿದರು, ನಾನು ಪೂರ್ತಿ ಉತ್ತರ ಕೊಟ್ಟೆ. “ಭೇಷ್!” ಎಂದರು. ಅದೊಂದು ತುಂಡನ್ನು ಮಾತ್ರ ಮಾವ ಮನಸಾರೆ ಮನ್ನಿಸಿದ.

ಬಜಾರಿನಲ್ಲಿ ಕಂಡಕಂಡವರನ್ನೆಲ್ಲ ನಿಲ್ಲಿಸಿ ಹೇಳುತ್ತಾ ಅವನು ನನ್ನನ್ನು ಮನೆಗೆ ಕರೆತಂದ. ಅಜ್ಜಿ ನನ್ನ ಬಾಯಿಗೆ ಬೆಲ್ಲ ಹಾಕಿ, “ಓದ್ಲಿ ಬಿಡು. ಕಂಪ್ಲಿಯವರಿಗೆ ನಾನ ಹೇಳಿ ಕಳಸ್ತೀನಿ” ಎಂದಳು. ಗೆದ್ದೆವು!

ಆಗ ಒಲೆಯ ಮುಂದಿನಿಂದ ಅವ್ವನ ದನಿ ಬಂತು. “ಅಣ್ಣಾ, ಸಾಹೇಬರು ಹೆಸರು ಕೇಳಿದ್ರ ಏನನ್ನಬೇಕು? ನನಗೂ ಒಂದೀಟು ಹೇಳಿಕೊಡು.”

ಮಾವ ಅಡುಗೆಮನೆಯ ಹೊಸ್ತಿಲ ಮೇಲೆಯೇ ಕುಳಿತು ಹೇಳಿಕೊಟ್ಟ. ಆ ಮನೆಯಲ್ಲಿ ಅವಳು ಮಾವನಿಗೆ ತಂಗಿ, ನನಗೆ ಅವ್ವ, ಅಜ್ಜಿಗೆ ‘ಇಕಿ’. ಅವಳ ಹೆಸರನ್ನು ಅವಳ ಬಾಯಿಂದ ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವ್ವ ನೆಟ್ಟಗೆ ನಿಂತು ಹೇಳಿದಳು:

“ಮೈ ನೇಮ್ ಈಸ್ ಗೌರಮ್ಮ.”