ಕಾಲಿಲ್ಲದ ಕಪ್ಪೆಯ ವಕೀಲ

ನನ್ನ ಬಾಮೈದನ ತಲೆ ಕೆಟ್ಟಿದೆ ಎಂದು ಬೂದಿಕೋಟೆಯವರು ಹೇಳಿದರೆ ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲು ಸರಿಯಾಗಿರಬೇಕಲ್ಲ!

ಕೆಜಿಎಫ್ ಕಾರ್ಖಾನೆಯಲ್ಲಿ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡವನು ನಾನು. ನಿವೃತ್ತನಾದರೂ ಬಟ್ಟೆ ಒಣಹಾಕುವ ಹಗ್ಗ ಸೊಟ್ಟಗಿದ್ದರೆ ನನಗೆ ಊಟ ಸೇರದು. ಅವನೋ, ನಾಲ್ಕು ಹಸು ಸಾಕಿಕೊಂಡು, ಕೊಟ್ಟಿಗೆಯ ಹಿಂದೆ ಹೊಂಗೆ ಎಲೆ ಕೊಳೆತ ಮೂಲೆಗೆ ಬೇಸಗೆಯಲ್ಲೂ ಬಿಂದಿಗೆಗಟ್ಟಲೆ ನೀರು ಹೊಯ್ಯುತ್ತಾನೆ. ಅಲ್ಲಿ ಗಿಡವಿದೆಯೇ? ಇಲ್ಲ. ಬೀಜ ಬಿತ್ತಿದ್ದಾನೆಯೇ? ಅದೂ ಇಲ್ಲ! ಮಣ್ಣಿನೊಳಗೆ ಒಂದು ಕಪ್ಪೆಯಿದೆಯಂತೆ. ಕಾಲಿಲ್ಲದ ಕಪ್ಪೆ!

ನಾನೂ ಕನ್ನಡಕ ಒರೆಸಿಕೊಂಡು ನೋಡಿದೆ. ಗೇಣುದ್ದ, ನೇರಳೆಗಪ್ಪು, ಎರೆಹುಳದಂತೆ ಮೈತುಂಬ ಉಂಗುರ. ಕಣ್ಣು ಇದ್ದೂ ಇಲ್ಲದಂತೆ. ಪಕ್ಕದ ಮನೆಯವನು ಆಗಲೇ ದೊಣ್ಣೆ ತಂದಿದ್ದ; ಬಾಮೈದ ಅಡ್ಡ ನಿಂತಿದ್ದ.

"ಆವು ಕಣ್ಲಾ, ಬುಡು, ಒಡೀತೀನಿ!"

"ಆವಲ್ಲ ಕಣ್ಲಾ, ಕಪ್ಪೆ. ಮೈಮ್ಯಾಲೆ ಆವಿನಂಗೆ ಉರುಪೆ ಐತಾ ನೋಡು."

"ಕಪ್ಪೆಯಾದ್ರೆ ಕಾಲೆಲ್ಲಿ?"

"ನಿನ್ಗೆ ಬುದ್ದಿ ಎಲ್ಲೈತೆ? ಆದ್ರೂ ಮನುಸ ಅಂತಿಲ್ವಾ?"

ಬಂಗಾರಪೇಟೆಯಿಂದ ಒಬ್ಬ ಮೇಷ್ಟ್ರು ಬಂದು, ಬಾಮೈದ ತೆಗೆದಿದ್ದ ಫೋಟೋ ನೋಡಿ, ಕಪ್ಪೆಯ ಕುಲವೇ ಎಂದರು. "ಆದರೆ ಇದು ಘಟ್ಟದ ಕಾಡಿನದು, ನಮ್ಮ ಕಡೆ ಇರಲಾರದು" ಎಂದೂ ಸೇರಿಸಿದರು. ಬಾಮೈದ ಮಣ್ಣಿನ ಕಡೆ ಬೆರಳು ತೋರಿಸಿ, "ಅದ್ಕೇ ಒಂದ್ ಮಾತು ಏಳಿ ಸಾರ್" ಎಂದ!

ಇಷ್ಟಾದರೂ ನನ್ನ ಹೆಂಡತಿಗೆ ತಮ್ಮನದೇ ಚಿಂತೆ. "ಆವೋ ಕಪ್ಪೆಯೋ, ಕಚ್ಚಿದ್ರೆ ಏನ್ ಗತಿ?" ಎಂದು ಆ ಮೂಲೆಗೆ ಸಿಮೆಂಟ್ ಚರಂಡಿ ಹಾಕಿಸಲು ನನ್ನನ್ನು ಎಳೆದುಕೊಂಡು ಹೋದಳು. ನೇರ ಗೆರೆ ಎಂದರೆ ನನಗೆ ಹಬ್ಬ. ದಾರ ಬಿಗಿದೆ, ಸುಣ್ಣದ ಪುಡಿ ಉದುರಿಸಿದೆ. ಗೆರೆ ಸರಿಯಾಗಿ ಹೊಂಗೆ ಎಲೆಯ ಮೇಲೆಯೇ ಹಾಯಿತು.

ಬಾಮೈದ ಜಗಳವಾಡಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಬಾವ, ಕೆಳಗೆ ಮೊಟ್ಟೆ ಸುತ್ಕೊಂಡು ಮನಗೈತೆ. ಮರಿ ಆಗೋಗಂಟ ತಿನ್ನಾಕೂ ಓಗಲ್ಲಂತೆ." ಒಂದು ಹೊಂಗೆ ಎಲೆ ಎತ್ತಿಕೊಂಡು, "ಅಕ್ಕನ್ಗೆ ಏಳ್ಬೇಡಿ. ಅವ್ವ ಸತ್ತಾಗ ನಂಗೆ ಮೂರು ವರ್ಸ, ಅಕ್ಕಂಗೆ ಅನ್ನೆರಡು. ನನ್ ಸಾಕುವಾಗ ಅವ್ಳೇನ್ ತಿಂತಿದ್ಲೋ, ನಾನ್ ಒಂದಿನಾನೂ ಕೇಳ್ಲಿಲ್ಲ" ಎಂದ.

ಅವಳಿಗೆ ಹೇಳುವ ಅಗತ್ಯವಿರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಒಳಗೆ ಮುದ್ದೆಯ ಕೋಲು ತಿರುಗುವ ಸದ್ದು ನಿಂತಿತ್ತು.

ಚರಂಡಿ ಮುಗಿದ ಮೇಲೆ ಪಕ್ಕದ ಮನೆಯವನು ನೋಡಿ ನಕ್ಕ. "ಇದೇನಣ್ಣೋ, ನೀನ್ ಆಕಿದ್ ಗೆರೆ ಇಂಗ್ ಸುತ್ತಾಕ್ಕೊಂಡ್ ಓಗೈತೆ?"

"ಅಲ್ಲಿ ಬಾಣಂತಿ ಇದಾಳೆ ಕಣಯ್ಯ" ಎಂದೆ.