ಅವ್ವನ ಮಡಿಯಲ್ಲಿ ಮಾಗಿದ ದ್ರಾಕ್ಷಿ

ವಿಜ್ಞಾನದ ಮಾಸ್ತರರಿಗೆಲ್ಲ ಒಂದು ಕಾಯಿಲೆ ಇರುತ್ತದೆ: ಪಾಠ ಮಾಡಿದ್ದೆಲ್ಲ ಕೈಗೂ ಬರುತ್ತದೆಂದು ನಂಬುವುದು. ಎಪ್ಪತ್ತರ ದಶಕದ ಕೊನೆಯಲ್ಲಿ ಹಾನಗಲ್ಲಿನ ಹೈಸ್ಕೂಲಿನಲ್ಲಿದ್ದ ನನಗೂ ಅದು ಅಂಟಿತ್ತು. ಮನೆಯಲ್ಲೇ ವೈನ್ ಮಾಡಿ ಕುಡಿಸುತ್ತೇನೆಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡೆ. ಗಣಿತ ಕಲಿಸುವ ಶಿಗ್ಗಾಂವಿಯ ಪಾಟೀಲ ಮಾಸ್ತರರು ಕನ್ನಡಕದ ಮೇಲಿಂದ ನೋಡಿ, ಬೇಸಿಗೆ ಸೂಟಿಗೆ ಮೊದಲು ಆದೀತೇ ಎಂದಷ್ಟೇ ಕೇಳಿದರು. ಆಗದಿದ್ದರೆ ನಿವೃತ್ತಿಯವರೆಗೂ ನನ್ನನ್ನು ಆಡಿಕೊಳ್ಳುತ್ತಾರೆಂಬುದು ಖಾತ್ರಿಯಿತ್ತು.

ನಮ್ಮದು ವೈಷ್ಣವರ ಮನೆ. ಈರುಳ್ಳಿ ಒಳಗೆ ಬರಬೇಕಾದರೂ ಅವ್ವನ ಮುಖ ನೋಡಿಯೇ ಬರಬೇಕು. ಹೀಗಾಗಿ ದ್ರಾಕ್ಷಿರಸಕ್ಕೆ ಸಕ್ಕರೆ ಹಾಕಿ, ಬಾಟಲಿ ತುಂಬ ತುಂಬಿ, ಬೂಚು ಬಡಿದು, ಯಾರೂ ಕಾಲಿಡದ ಜಾಗದಲ್ಲಿ ಬಚ್ಚಿಟ್ಟೆ: ಅವ್ವನ ಮಡಿ ಸೀರೆ ಒಣಗುವ ಕೋಣೆಯಲ್ಲಿ, ಬಿದಿರಿನ ಗಳದ ಕೆಳಗೆ. ಐದನೆಯ ದಿನ ಮಧ್ಯಾಹ್ನ ಅದು ಢಂ ಎಂದು ಸಿಡಿಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಗಾಜೆಲ್ಲ ಗೋಡೆಗೆ, ರಸವೆಲ್ಲ ಸೀರೆಗೆ. ಹುದುಗುವಾಗ ಅನಿಲ ಹುಟ್ಟುತ್ತದೆಂದು ಹಲಗೆಯ ಮೇಲೆ ಸೂತ್ರ ಬರೆದವನಿಗೆ ಅದು ಹೊರಗೆ ಹೋಗಲು ದಾರಿ ಬೇಕೆಂಬುದು ಹೊಳೆದಿರಲಿಲ್ಲ.

ಇದೇನೆಂದು ಅವ್ವ ಕೇಳಿದಾಗ, ದ್ರಾಕ್ಷಾಸವ, ನನ್ನ ಅಜೀರ್ಣಕ್ಕೆ ಔಷಧ ಎಂದೆ. ಅವ್ವ ಸೀರೆಯ ಸೆರಗು ಮೂಸಿದಳು. ನನ್ನನ್ನೊಮ್ಮೆ ನೋಡಿದಳು.

“ಹುಳಿ ಬರೋ ಪದಾರ್ಥದ ಬಾಯಿ ಹಿಂಗ ಬಿಗೀತಾರೇನು? ಅದಕ್ಕ ಉಸಿರಾಡ್ಲಿಕ್ಕೆ ಜಾಗ ಬೇಕು. ನೀ ಆಚೆ ಸರಿ, ನಾ ಮಾಡ್ತೇನಿ.”

ನನ್ನ ಬಿ.ಎಸ್ಸಿ. ಎಷ್ಟರದೆಂದು ಗೊತ್ತಾದದ್ದು ಆಮೇಲೆ. ಅವ್ವ ಪಿಂಗಾಣಿ ಭರಣಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಹೊಸದಾಗಿ ತರಿಸಿದ ದ್ರಾಕ್ಷಿಯಲ್ಲಿ ಕೊಳೆತ ಹಣ್ಣುಗಳನ್ನು ಒಂದೊಂದಾಗಿ ಆರಿಸಿ ಎಸೆದಳು. ಉಳಿದದ್ದನ್ನು ಹಿಸುಕಿ, ಸಕ್ಕರೆ ಬೆರೆಸಿ, ಭರಣಿಯನ್ನು ಮುಕ್ಕಾಲಷ್ಟೇ ತುಂಬಿ, ಬಾಯಿಗೆ ಒಗೆದ ಪಂಚೆಯ ತುಂಡು ಕಟ್ಟಿದಳು. ದಿನಾ ಸ್ನಾನವಾದ ಮೇಲೆ ಮಡಿಯುಟ್ಟು ಬಂದು ಕಟ್ಟಿಗೆಯ ಸೌಟಿನಿಂದ ಕೈಯಾಡಿಸುತ್ತಿದ್ದಳು. ಹೋಟೆಲಿನ ಚಹಾ ಕುಡಿದವನೆಂದು ನನ್ನನ್ನು ಮಡಿ ಕೋಣೆಯ ಹೊಸ್ತಿಲು ದಾಟಗೊಡಲಿಲ್ಲ. ಗುಳ್ಳೆ ನಿಂತ ಮೇಲೆ ಸೋಸಿ, ಗಸಿ ತಳಕ್ಕಿಳಿಯುವವರೆಗೆ ಕಾದು, ತಿಳಿಯನ್ನಷ್ಟೇ ಬಗ್ಗಿಸಿಕೊಂಡಳು. ಒಂದು ಚೂರು ಬೂಷ್ಟಿಲ್ಲ, ಕೆಟ್ಟ ನಾತವಿಲ್ಲ. ಇಷ್ಟು ಕಟ್ಟುನಿಟ್ಟು ಯಾವ ಪ್ರಯೋಗಾಲಯದಲ್ಲೂ ನಾನು ಕಂಡಿರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಅವ್ವನ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆಯೆನಿಸಿತು.

ಸೂಟಿಗೆ ಮುಂಚಿನ ರವಿವಾರ ಪಾಟೀಲ ಮಾಸ್ತರರು ಬಂದರು. ನಾನು ತೊಳೆದಿಟ್ಟಿದ್ದ ಲೋಟಗಳನ್ನು ಅವ್ವ ಬದಿಗೆ ಸರಿಸಿ ಔಷಧದ ಚಮಚ ತಂದಳು. ತಲೆಗೊಂದು ಚಮಚ. ಪಾಟೀಲರು ಕಣ್ಣು ಮುಚ್ಚಿ ಚಪ್ಪರಿಸಿದರು.

“ಭಾರಿ ಆಗೇತ್ರಿ ಅವ್ವಾರ. ನನಗೂ ಅಜೀರ್ಣ ಐತ್ರಿ,” ಎಂದು ಮತ್ತೆ ಕೈ ಚಾಚಿದರು.

ನಾಳೆ ಬರಲು ಹೇಳಿ ಅವ್ವ ಭರಣಿಯ ಬಾಯಿ ಕಟ್ಟಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು.

“ಸೀರಿ ಮೂಸಿದಾಗನ ನನಗ ಗೊತ್ತಾಗಿತ್ತು. ಔಷಧ ಅಂದಿದ್ದಿ, ಔಷಧದಂಗನ ಕುಡಿ.”

ಆ ಬೇಸಿಗೆಯಿಡೀ ಪಾಟೀಲ ಮಾಸ್ತರರು ಸೂಟಿಗೆ ಊರಿಗೂ ಹೋಗದೆ, ತಪ್ಪದೆ ಬಂದು ದಿನಕ್ಕೊಂದು ಚಮಚ ಕುಡಿದು, ಅವ್ವನ ಕೈಯ ಮೆಣಸಿನಕಾಯಿ ಬಜಿ ತಿಂದು ಹೋಗುತ್ತಿದ್ದರು. ನನಗೆ ಬಜಿ ಬಂದ್. ಅಜೀರ್ಣದವನೆಂದು ಎರಡೂ ಹೊತ್ತು ಮಜ್ಜಿಗೆ ಅನ್ನ.